ನಾಯಿ ಎಂದು ಚೀಟಿ ಅಂಟಿಸಿದ ತಲೆಬುರುಡೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಗಿನ ಗೋಷ್ಠಿಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಶಾಲೆಯ ಸವಿನೆನಪುಗಳು’. ಸವಿನೆನಪುಗಳನ್ನು ನಿನ್ನೆಯಿಂದ ಎಲ್ಲರೂ ಹೇಳುತ್ತಿದ್ದಾರೆ, ಚೆನ್ನಾಗಿಯೇ ಹೇಳಿದ್ದಾರೆ. ನಾನು ಒಂದು ತಪ್ಪಿನ ನೆನಪು ಹೇಳುತ್ತೇನೆ. ತಪ್ಪು ನನ್ನದೇ ಆದ್ದರಿಂದ ಯಾರೂ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಅದನ್ನು ಹೇಳಲು ಕರಡಿ, ನೀರುನಾಯಿ, ಮತ್ತು ನಮ್ಮ ಕಡಲಿನಲ್ಲಿ ಇಲ್ಲವೇ ಇಲ್ಲದ ಸೀಲ್ ಎಂಬ ಪ್ರಾಣಿ, ಇವುಗಳ ವಂಶಾವಳಿಯನ್ನು ಸ್ವಲ್ಪ ಬಿಚ್ಚಬೇಕಾಗುತ್ತದೆ. ಸ್ವಲ್ಪ ತಾಳ್ಮೆ ಇರಲಿ.

ನಾನು ಈ ಶಾಲೆಗೆ ಬಂದು ನಾಲ್ಕು ವರ್ಷವಾಗಿತ್ತು. 1986ರ ಜೂನ್, ಶಾಲೆ ಶುರುವಾದ ಮೊದಲ ವಾರ. ಸೊರಬದ ಕಡೆಯ ಹಳ್ಳಿಯಿಂದ ನಡೆದು ಬರುತ್ತಿದ್ದ ಒಂಬತ್ತನೇ ತರಗತಿಯ ಹುಡುಗನೊಬ್ಬ ಗೊಬ್ಬರದ ಚೀಲದಲ್ಲಿ ಏನೋ ಸುತ್ತಿಕೊಂಡು ತಂದ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕಾಡಿನ ಮಗ್ಗುಲಿನ ಹೂಳಿನಲ್ಲಿ ಸಿಕ್ಕಿತಂತೆ. ಬಿಚ್ಚಿ ನೋಡಿದರೆ ಒಂದು ತಲೆಬುರುಡೆ. ಕೆಳದವಡೆ ಇಲ್ಲ, ಹಿಂಭಾಗ ಒಡೆದಿದೆ, ಹಲ್ಲು ಬಹುಪಾಲು ಉದುರಿವೆ. ತುಂಬ ದೊಡ್ಡದೂ ಅಲ್ಲ. ನನಗೆ ಸಂತೋಷವಾಯಿತು. ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ ಆಗ ಇದ್ದದ್ದು ಫಾರ್ಮಲಿನ್‌ನಲ್ಲಿ ಅದ್ದಿದ ಒಂದು ಹಾವು, ಒಂದು ಚೇಳು, ಅರ್ಧ ಡಜನ್ ಬೀಕರು. ಉದ್ದ ಮೂತಿ, ಕೋರೆಹಲ್ಲಿನ ಗುಳಿ ನೋಡಿದೆ. ‘ನಾಯಿಯದ್ದು ಕಣಯ್ಯ, ದೊಡ್ಡ ಜಾತಿಯ ನಾಯಿ’ ಎಂದೆ.

ಹುಡುಗ ಸುಮ್ಮನೆ ಕೂರಲಿಲ್ಲ. ‘ಇಲ್ಲ ಸಾರ್, ಕರಡಿದಂತೆ. ನಮ್ಮಪ್ಪ ಹೇಳಿದ್ರು. ಬಾಯಿ ಒಳಗೆ ನೋಡಿ ಸಾರ್, ಬೋಗುಣಿ ಇದ್ದಂಗೈತೆ. ನಾಯಿದು ಹಂಗಿರಲ್ಲ’ ಅಂದ. ತರಗತಿ ನಕ್ಕಿತು. ನಾನೂ ನಕ್ಕೆ. ‘ನಿಮ್ಮಪ್ಪ ಎಷ್ಟನೇ ಕ್ಲಾಸು ಓದಿದ್ದಾರೆ?’ ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿ ಕೂತ. ಸಂಜೆ ಚೀಟಿ ಬರೆದು ಗೋಂದು ಹಚ್ಚಿ ಅಂಟಿಸಿದೆ: ‘ನಾಯಿಯ ತಲೆಬುರುಡೆ’. ಅದು ಹನ್ನೊಂದು ವರ್ಷ ಹಾಗೆಯೇ ಇತ್ತು. ಈ ಸಭೆಯಲ್ಲಿರುವ ಎಷ್ಟೋ ಜನ ಅದನ್ನು ನೋಡಿ ಚಿತ್ರ ಬರೆದು, ನನ್ನಿಂದಲೇ ಅಂಕ ಪಡೆದಿದ್ದೀರಿ.

ಆ ಹುಡುಗನ ಅಪ್ಪನನ್ನು ನಾನು ಆಮೇಲೆ ಒಮ್ಮೆ ನೋಡಿದೆ. ಮುಖದ ಎಡಭಾಗ ಪೂರ್ತಿ ಕರಡಿ ಪರಚಿದ ಗಾಯದ ಗುರುತು. ಜೇನು ತೆಗೆಯಲು ಹೋದಾಗ ಆದದ್ದು. ಕರಡಿಯ ಬಾಯಿಯನ್ನು ಅಷ್ಟು ಹತ್ತಿರದಿಂದ ನೋಡಿದವರು ನಮ್ಮ ಎರಡು ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರು? ಆಗಲೂ ನನಗೆ ಹೊಳೆಯಲಿಲ್ಲ, ನೋಡಿ.

1997ರಲ್ಲಿ ಶಿವಮೊಗ್ಗದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಇತ್ತು. ಸಸ್ತನಿಗಳ ಹಲ್ಲಿನ ಬಗ್ಗೆ ಮಾತಾಡಿದವರೊಬ್ಬರು ಒಂದು ಮಾತು ಹೇಳಿದರು. ನಾಯಿಗೆ 42 ಹಲ್ಲು. ಬೇರೆ ಕರಡಿಗಳಿಗೂ ಸಾಮಾನ್ಯವಾಗಿ 42. ನಮ್ಮ ಕರಡಿಗೆ ಮಾತ್ರ 40. ಮೇಲಿನ ಸಾಲಿನಲ್ಲಿ ಮುಂದೆ ಆರು ಬಾಚಿಹಲ್ಲು ಇರಬೇಕಾದ ಕಡೆ ನಾಲ್ಕೇ ಇರುತ್ತವೆ. ನಡುವಿನ ಎರಡು ಇಲ್ಲ. ಅದು ಗೆದ್ದಲು ತಿನ್ನುವ ಪ್ರಾಣಿ. ಹುತ್ತ ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಹಲ್ಲಿಲ್ಲದ ಸಂದಿಯಿಂದ ಉಸಿರೆಳೆದರೆ ಗೆದ್ದಲೆಲ್ಲ ಬಾಯಿಗೆ. ಅದಕ್ಕೇ ಅಂಗುಳವೂ ಗುಳಿಬಿದ್ದು ಅಗಲವಾಗಿದೆ. ಬೋಗುಣಿಯ ಹಾಗೆ.

ಬೋಗುಣಿ ಎಂಬ ಮಾತು ತಲೆಗೆ ಬಂದದ್ದೇ ನನಗೆ ಅಲ್ಲಿ ಕೂರಲಾಗಲಿಲ್ಲ. ಮರುದಿನ ಶಾಲೆಗೆ ಬಂದವನೇ ಬೀರು ತೆಗೆದು ಬುರುಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಲ್ಲಿನ ಗುಳಿ ಎಣಿಸಿದೆ. ನಾಲ್ಕು. ಮತ್ತೆ ಎಣಿಸಿದೆ. ನಾಲ್ಕೇ.

ನನ್ನ ಸಮಾಧಾನಕ್ಕೆ ಆಮೇಲೆ ಓದಿದ್ದು: ಈ ತಪ್ಪಿನಲ್ಲಿ ನನಗೆ ದೊಡ್ಡ ಜೊತೆಗಾರರಿದ್ದಾರೆ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಇದೇ ನಮ್ಮ ಕರಡಿಗೆ ಮೊದಲ ಶಾಸ್ತ್ರೀಯ ಹೆಸರು ಕೊಟ್ಟ. ಉದ್ದ ಉಗುರು, ಮುಂದಿನ ಹಲ್ಲು ಕಡಿಮೆ, ಇದನ್ನೆಲ್ಲ ನೋಡಿ ಇದು ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ಜೋತುಬೀಳುವ ಸ್ಲಾತ್ ಎಂಬ ಪ್ರಾಣಿಯ ಜಾತಿ ಎಂದುಕೊಂಡು ‘ಬ್ರಾಡಿಪಸ್ ಅರ್ಸಿನಸ್’, ಅಂದರೆ ‘ಕರಡಿಯಂಥ ಸ್ಲಾತ್’ ಎಂದು ಬರೆದ. ಮುಂದೆ ಜೀವಂತ ಕರಡಿ ಯುರೋಪಿಗೆ ಹೋದ ಮೇಲೆ ತಪ್ಪು ತಿಳಿಯಿತು. ಈಗ ಅದು ‘ಮೆಲರ್ಸಸ್ ಅರ್ಸಿನಸ್’. ಆದರೂ ಇಂಗ್ಲಿಷಿನಲ್ಲಿ ಇವತ್ತಿಗೂ ‘ಸ್ಲಾತ್ ಬೇರ್’. ಚೀಟಿ ಒಮ್ಮೆ ಅಂಟಿದರೆ ಕೀಳುವುದು ಅಷ್ಟು ಕಷ್ಟ. ಸೊರಬದ ಕಾಡಿನಲ್ಲಿ ಜೇನು ಕೀಳುವವರನ್ನು ಯಾರಾದರೂ ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು.

ಹಾಗೆಂದು ಊರಿನವರು ಇಟ್ಟ ಹೆಸರೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ನಾವು ನೀರುನಾಯಿ ಎನ್ನುತ್ತೇವೆ, ಅದು ನಾಯಿಯಲ್ಲ. ಪುನುಗು ಬೆಕ್ಕು ಬೆಕ್ಕಲ್ಲ. ತರಕರಡಿ ಕರಡಿಯಲ್ಲ, ನೀರುನಾಯಿಯ ದಾಯಾದಿ. ಕತ್ತೆಕಿರುಬ ನೋಡಲು ನಾಯಿಯಂತೆ, ಸಂಬಂಧದಲ್ಲಿ ಬೆಕ್ಕಿನ ಕಡೆಯದು. ಮಾಂಸಾಹಾರಿ ಗಣ ಎಂದು ನೀವು ಓದಿದ್ದೀರಲ್ಲ, ಅದರಲ್ಲಿ ಎರಡು ದೊಡ್ಡ ಕವಲು. ಒಂದರಲ್ಲಿ ಬೆಕ್ಕು, ಹುಲಿ, ಮುಂಗುಸಿ, ಪುನುಗು, ಕತ್ತೆಕಿರುಬ. ಇನ್ನೊಂದರಲ್ಲಿ ನಾಯಿ, ನರಿ, ಕರಡಿ, ನೀರುನಾಯಿ, ಮತ್ತು ಕಡಲಿನ ಸೀಲ್. ಹೊರಗಿನ ರೂಪ ನೋಡಿ ಹೇಳಿದರೆ ಎಡವುತ್ತೇವೆ. ಹಲ್ಲು, ಕಿವಿಯ ಬುಡದ ಎಲುಬು, ಇಂಥ ಒಳಗಿನ ಗುರುತು ನೋಡಬೇಕು.

ಈಗ ಅಳಿದುಹೋದ ಪ್ರಾಣಿಗಳಿಗೆ ಬರುತ್ತೇನೆ. ಅಲ್ಲಿ ಕಷ್ಟ ಹತ್ತು ಪಟ್ಟು, ಏಕೆಂದರೆ ಸಿಗುವುದು ಎಲುಬಿನ ಚೂರು ಮಾತ್ರ.

1836ರಲ್ಲಿ ಫ್ರಾನ್ಸಿನ ಸಾನ್ಸಾನ್ ಎಂಬಲ್ಲಿ ಸಿಕ್ಕ ಎಲುಬುಗಳಿಗೆ ಎಡ್ವಾರ್ ಲಾರ್ಟೆ ಎಂಬಾತ ‘ಆಂಫಿಸಿಯಾನ್’ ಎಂದು ಹೆಸರಿಟ್ಟ. ನನ್ನ ಕನ್ನಡದಲ್ಲಿ ಹೇಳುವುದಾದರೆ ‘ಇಬ್ಬಂದಿ ನಾಯಿ’. ಹಲ್ಲು ನಾಯಿಯಂತೆ, ಮೈಕಟ್ಟು ಕರಡಿಯಂತೆ. ಆತ ಇಟ್ಟ ಹೆಸರಿನ ಹಾಗೆಯೇ ನೂರೈವತ್ತು ವರ್ಷ ಅದು ಇಬ್ಬಂದಿಯಲ್ಲೇ ಇತ್ತು. ಕೆಲವರು ನಾಯಿಯ ಕುಟುಂಬಕ್ಕೆ ಸೇರಿಸಿದರು. ಕಿವಿಯ ಎಲುಬನ್ನು ನೋಡಿದವರು ಕರಡಿಯ ಕಡೆಗೆ ಎಳೆದರು. ಈಗ ಅದಕ್ಕೆ ಬೇರೆಯದೇ ಕುಟುಂಬ. ಇಂಗ್ಲಿಷಿನಲ್ಲಿ ‘ಬೇರ್ ಡಾಗ್’, ನಾವು ಕರಡಿನಾಯಿ ಎನ್ನೋಣ, ಆದರೆ ಅದು ನಾಯಿಯೂ ಅಲ್ಲ, ಕರಡಿಯೂ ಅಲ್ಲ. ಸುಮಾರು 4 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡು, 3 ಕೋಟಿಗೂ ಹೆಚ್ಚು ವರ್ಷ ಬಾಳಿ, ಒಂದೂ ಉಳಿಯದಂತೆ ಹೋದ ಮನೆತನ. ನಮ್ಮ ದೇಶದ ಕಡೆಯೂ ಇತ್ತು. ಶಿವಾಲಿಕ್ ಬೆಟ್ಟಸಾಲಿನಲ್ಲಿ ಸಿಕ್ಕದ್ದನ್ನು ಲೈಡೆಕ್ಕರ್ 1876ರಲ್ಲಿ ‘ಆಂಫಿಸಿಯಾನ್ ಪೇಲಿಇಂಡಿಕಸ್’ ಎಂದು ಕರೆದ.

ಶಿವಾಲಿಕ್ ಎಂದರೆ ಹಿಮಾಲಯದ ಬುಡದ ಬೆಟ್ಟಗಳು. ಅಲ್ಲಿಯ ಕಥೆ ನಮ್ಮ ರೈತರಿಗೆ ಇಷ್ಟವಾಗಬೇಕು, ಯಾಕೆಂದರೆ ಅದರಲ್ಲಿ ಒಬ್ಬ ಕಾಲುವೆಯ ಎಂಜಿನಿಯರ್ ಇದ್ದಾನೆ. ಪ್ರಾಬಿ ಕಾಟ್ಲಿ, ಮುಂದೆ ಗಂಗಾ ಕಾಲುವೆ ಕಟ್ಟಿದವನು. ಅವನ ಗೆಳೆಯ ಹ್ಯೂ ಫಾಲ್ಕನರ್, ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ವೈದ್ಯ. ಇಬ್ಬರೂ ಸೇರಿ ಶಿವಾಲಿಕ್‌ನಿಂದ ರಾಶಿ ರಾಶಿ ಎಲುಬು ತೆಗೆದರು. ಅದೇ 1836ರಲ್ಲಿ ಒಂದು ದೊಡ್ಡ ಬುರುಡೆಗೆ ‘ಅರ್ಸಸ್ ಸಿವಾಲೆನ್ಸಿಸ್’, ಶಿವಾಲಿಕ್ ಕರಡಿ, ಎಂದು ಹೆಸರಿಟ್ಟರು. ಆಮೇಲೆ ಅವರಿಗೇ ಅನುಮಾನ. ಇದು ಮಾಮೂಲಿ ಕರಡಿಯಲ್ಲ ಎಂದು ಹೆಸರು ‘ಹಯೆನಾರ್ಕ್ಟಾಸ್’ ಆಯಿತು, ಕಿರುಬ-ಕರಡಿ. ಈಗ ಅದು ‘ಅಗ್ರಿಯೊಥೀರಿಯಂ’. ಕರಡಿಯ ಕುಟುಂಬದ್ದೇ, ಆದರೆ ಬೇರೆ ಕವಲು, ಅಳಿದುಹೋದ ಕವಲು. 1913ರಲ್ಲಿ ಗೈ ಪಿಲ್‌ಗ್ರಿಮ್ ಎಂಬ ಭೂವಿಜ್ಞಾನಿ, ಈಗ ಪಾಕಿಸ್ತಾನಕ್ಕೆ ಸೇರಿದ ಸಾಲ್ಟ್ ರೇಂಜ್ ಎಂಬಲ್ಲಿ ಸಿಕ್ಕ ಮತ್ತೊಂದು ಅಳಿದ ಕರಡಿಗೆ ‘ಇಂಡಾರ್ಕ್ಟಾಸ್’ ಎಂದ. ಭಾರತದ ಕರಡಿ ಎಂದರ್ಥ. ಶಿವಾಲಿಕ್‌ನದೇ ಇನ್ನೊಂದು ಬುರುಡೆ, ಲೈಡೆಕ್ಕರ್ 1884ರಲ್ಲಿ ಥಿಯೋಬಾಲ್ಡ್‌ನ ಹೆಸರಿನಲ್ಲಿ ಕರೆದ ಕರಡಿ, ನಮ್ಮ ಹುತ್ತ ಬಗೆಯುವ ಕರಡಿಗೆ ಪೂರ್ವಜನ ಸ್ಥಾನದಲ್ಲಿ ನಿಲ್ಲುತ್ತದೆ.

ಇಷ್ಟೆಲ್ಲ ಅಲ್ಲಿ ಸಿಕ್ಕಿತು, ನಮ್ಮಲ್ಲೇಕೆ ಸಿಗುವುದಿಲ್ಲ ಎಂದು ಹಿಂದೆ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ನಮ್ಮ ಕಾಲ ಕೆಳಗಿನ ಬಂಡೆ ಧಾರವಾಡ ಶಿಲಾವರ್ಗದ್ದು, 250 ಕೋಟಿ ವರ್ಷಕ್ಕೂ ಹಳೆಯದು. ಆಗ ಸಸ್ತನಿ ಹಾಗಿರಲಿ, ಮೀನೂ ಇರಲಿಲ್ಲ. ಬಂಡೆಯ ಮೇಲಿರುವುದು ಜಂಬಿಟ್ಟಿಗೆ ಮತ್ತು ಹುಳಿಮಣ್ಣು. ಮಲೆನಾಡಿನ ಮಳೆಗೆ ಅದರಲ್ಲಿ ಎಲುಬು ಕರಗಿಹೋಗುತ್ತದೆ. ನಮ್ಮ ಹುಡುಗನ ಬುರುಡೆ ಉಳಿದದ್ದು ಕೆರೆಯ ಹೂಳಿನಲ್ಲಿದ್ದುದರಿಂದ, ಅದೂ ಕೆಲವೇ ವರ್ಷದ್ದು. ದಕ್ಷಿಣದಲ್ಲಿ ಹಳೆಯ ಎಲುಬು ಬೇಕೆಂದರೆ ಸುಣ್ಣಕಲ್ಲಿನ ಗುಹೆಗೆ ಹೋಗಬೇಕು. ಧಾರವಾಡ ಶಿಲೆಗಳಿಗೆ ಆ ಹೆಸರು ಕೊಟ್ಟ ರಾಬರ್ಟ್ ಬ್ರೂಸ್ ಫೂಟ್ ಅವರೇ 1884ರಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ಅಗೆಸಿ ಪ್ರಾಣಿಗಳ ಎಲುಬು ತೆಗೆದರು.

ಇನ್ನು ಸೀಲ್‌ನ ವಿಷಯ. ಇಲ್ಲಿ ನನ್ನ ಎರಡನೆಯ ತಪ್ಪಿದೆ. 1985-86ರ ಬ್ಯಾಚಿನವರು ವಿಜ್ಞಾನ ಸಂಘದಲ್ಲಿ ನನ್ನ ಭಾಷಣ ಕೇಳಿರುತ್ತೀರಿ. ಸೀಲ್, ಕಡಲಸಿಂಹ, ವಾಲ್ರಸ್ ಎಂಬ ಮೂರು ಬಗೆಯ ಕಡಲಪ್ರಾಣಿಗಳಿವೆ, ಕಾಲು ಹುಟ್ಟಿನಂತಾಗಿದೆ, ಮೈಮೇಲೆ ಕೂದಲಿದೆ, ಮರಿಗೆ ಹಾಲು ಕೊಡುತ್ತವೆ ಎಂದೆ. ಅಲ್ಲಿಯವರೆಗೆ ಸರಿ. ಮುಂದೆ, ಕಡಲಸಿಂಹ ಮತ್ತು ವಾಲ್ರಸ್ ಕರಡಿಯಂಥ ಪ್ರಾಣಿಯಿಂದ ಬಂದವು, ಸೀಲ್ ಮಾತ್ರ ನೀರುನಾಯಿಯಂಥ ಪ್ರಾಣಿಯಿಂದ ಬಂತು, ಎರಡೂ ಬೇರೆ ಬೇರೆ ಕಾಲಕ್ಕೆ ಕಡಲಿಗಿಳಿದವು ಎಂದೂ ಹೇಳಿದೆ. ನಾನು ಬಿ.ಎಸ್ಸಿ.ಯಲ್ಲಿ ಓದಿದ್ದೇ ಅದು. 1885ರಲ್ಲಿ ಮೈವರ್ಟ್ ಎಂಬಾತ ಹೇಳಿದ್ದು, ನೂರು ವರ್ಷ ನಡೆಯಿತು. ನಾನು ಹೇಳಿ ಮೂರ್ನಾಲ್ಕು ವರ್ಷವೂ ಆಗಿರಲಿಲ್ಲ, 1989ರಲ್ಲಿ ಕ್ಯಾಲಿಫೋರ್ನಿಯದ ‘ಎನಾಲಿಆರ್ಕ್ಟಾಸ್’ ಎಂಬ ಪ್ರಾಣಿಯ ಹೆಚ್ಚುಕಡಿಮೆ ಇಡೀ ಅಸ್ಥಿಪಂಜರದ ವಿವರ ಪ್ರಕಟವಾಯಿತು. ಹೆಸರಿನ ಅರ್ಥ ಕಡಲಕರಡಿ. ಸುಮಾರು 2 ಕೋಟಿ 30 ಲಕ್ಷ ವರ್ಷ ಹಿಂದಿನದು. ಮುಂಗಾಲು ಹಿಂಗಾಲು ಎರಡನ್ನೂ ಬಳಸಿ ಈಜುತ್ತಿತ್ತು, ಆದರೆ ಹಲ್ಲು ಇನ್ನೂ ನೆಲದ ಬೇಟೆಪ್ರಾಣಿಯ ಹಲ್ಲು. ಎಲುಬು ಹೋಲಿಸಿದವರು ಮೂರೂ ಬಗೆಗೆ ಮೂಲ ಒಂದೇ ಎಂದರು. ಡಿ.ಎನ್.ಎ. ಪರೀಕ್ಷೆಯೂ ಅದನ್ನೇ ಹೇಳಿತು. ಸೀಲ್‌ಗೆ ಹತ್ತಿರದವರು ನೀರುನಾಯಿಯ ಬಳಗ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಂತೆ. ಕರಡಿ ಅಜ್ಜನ ಅಣ್ಣತಮ್ಮಂದಿರ ಕಡೆ. ನಾಯಿ ಇನ್ನೂ ದೂರ.

ಅಂದಮೇಲೆ ನಮ್ಮ ನೀರುನಾಯಿಗೆ ನಾಯಿಗಿಂತ ಹತ್ತಿರದ ನೆಂಟ ಹಿಮದ ಕಡಲಿನಲ್ಲಿದ್ದಾನೆ! ಆ ಸಂಬಂಧವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಪಳೆಯುಳಿಕೆ ಸಿಕ್ಕಿದ್ದು ಪೆಟ್ರೋಲ್ ಮುಗಿದದ್ದರಿಂದ. 2007ರಲ್ಲಿ ಕೆನಡಾದ ಉತ್ತರ ತುದಿಯ ಡೆವನ್ ದ್ವೀಪದಲ್ಲಿ ನಟಾಲಿಯಾ ರಿಬ್‌ಚಿನ್ಸ್ಕಿ ಎಂಬ ವಿಜ್ಞಾನಿಯ ತಂಡದ ಗಾಡಿ ನಡುದಾರಿಯಲ್ಲಿ ನಿಂತಿತು. ಇಂಧನ ತರಲು ಹೋದವರಿಗಾಗಿ ಕಾಯುತ್ತಾ ಇದ್ದವರು ಸುಮ್ಮನೆ ಕೂರದೆ ಮಣ್ಣು ಕೆದಕಿದಾಗ ಎಲುಬು ಕಂಡಿತು. ಉದ್ದ ಬಾಲ, ಬೆರಳ ನಡುವೆ ಪೊರೆ ಇದ್ದಿರಬೇಕಾದ ಪಾದ, ನೋಡಲು ನೀರುನಾಯಿಯೇ, ತಲೆಯಲ್ಲಿ ಸೀಲ್‌ನ ಲಕ್ಷಣ. ಕಡಲಿನದೂ ಅಲ್ಲ, ಸಿಹಿನೀರಿನ ಕೆರೆಯ ಮಣ್ಣಿನಲ್ಲಿ ಸಿಕ್ಕದ್ದು. ಅಲ್ಲಿಯ ಇನ್ಯುಯಿಟ್ ಜನರ ಮಾತಿನಿಂದ ‘ಪುಯಿಜಿಲಾ’ ಎಂದು ಹೆಸರಿಟ್ಟು 2009ರಲ್ಲಿ ಪ್ರಕಟಿಸಿದರು. ಅದು ಸೀಲ್‌ನ ನೇರ ಹಿರಿಯನೋ, ಪಕ್ಕದ ಕವಲೋ ಎಂಬ ಜಗಳ ಇನ್ನೂ ಇದೆ. ನಾನು ಆ ಜಗಳದಲ್ಲಿ ಯಾವ ಕಡೆಯೂ ಚೀಟಿ ಬರೆಯುವುದಿಲ್ಲ, ಬುದ್ಧಿ ಬಂದಿದೆ.

ಇನ್ನೊಂದು ಹೇಳಿ ಮುಗಿಸುತ್ತೇನೆ, ಅಡುಗೆಮನೆಯಿಂದ ಸಾರಿನ ವಾಸನೆ ಬರುತ್ತಿದೆ. ‘ಕೋಲ್ಪೊನೊಮಸ್’ ಎಂದು ಒಂದು ಪ್ರಾಣಿ. ಕರಡಿಯಂಥ ತಲೆ, ಕಡಲತೀರದ ಬದುಕು, ಬಂಡೆಗೆ ಕಚ್ಚಿಕೊಂಡ ಚಿಪ್ಪಿನ ಜೀವಿಗಳನ್ನು ಕಿತ್ತು ಅಗಿಯುವುದು ಕೆಲಸ. ಸುಮಾರು 2 ಕೋಟಿ ವರ್ಷ ಹಿಂದೆ ಅಮೆರಿಕದ ಪಶ್ಚಿಮ ತೀರದಲ್ಲಿತ್ತು. 1960ರಲ್ಲಿ ಸ್ಟರ್ಟನ್ ಎಂಬ ವಿದ್ವಾಂಸರ ಕೈಗೆ ಸಿಕ್ಕದ್ದು ಒಡೆದ ಬುರುಡೆಯ ಭಾಗ. ಅವರು ಅದನ್ನು ರಕೂನ್ ಎಂಬ ಪ್ರಾಣಿಯ ಕುಟುಂಬಕ್ಕೆ ಸೇರಿಸಿದರು. ಆಮೇಲೆ ಡಗ್ಲಸ್ ಎಮ್ಲಾಂಗ್ ಎಂಬ ಹವ್ಯಾಸಿ ಸಂಗ್ರಾಹಕ ಆರೆಗನ್ ತೀರದಲ್ಲಿ ಚೆನ್ನಾಗಿರುವ ಬುರುಡೆ ಹುಡುಕಿಕೊಟ್ಟ. 1994ರಲ್ಲಿ ಟೆಡ್‌ಫೋರ್ಡ್ ಮತ್ತು ಸಂಗಡಿಗರು ನೋಡಿ, ಇದು ರಕೂನ್ ಅಲ್ಲ, ಕರಡಿಯ ಕಡೆಯದು, ಸೀಲ್‌ಗಳ ಪೂರ್ವಜರಿಗೆ ಹತ್ತಿರದ್ದು ಎಂದು ತಿದ್ದಿದರು. ಅವರು ಅದನ್ನು ಸೇರಿಸಿದ ಗುಂಪಿನ ಹೆಸರು ಆಂಫಿಸೈನೊಡಾನ್‌ನಿಂದ ಬಂದದ್ದು. ಆಗ ಹೇಳಿದ ಆಂಫಿಸಿಯಾನ್ ಬೇರೆ, ಇದು ಬೇರೆ. ನಮ್ಮ ಹಾಜರಿ ಪುಸ್ತಕದಲ್ಲಿ ಮಂಜುನಾಥ ಎಂ., ಮಂಜುನಾಥ ಎನ್. ಇದ್ದ ಹಾಗೆ.

ತಾಳಗುಂದ ನಮ್ಮ ಪಕ್ಕದ ಊರು. ಕನ್ನಡದ ಮೊದಲ ಶಾಸನ ಹಲ್ಮಿಡಿಯದು, ಕ್ರಿ.ಶ. 450 ಎಂದು ನಮ್ಮ ಕನ್ನಡ ಪಂಡಿತರು ಎಷ್ಟು ಬ್ಯಾಚಿಗೆ ಹೇಳಿಕೊಟ್ಟಿಲ್ಲ? ಆಮೇಲೆ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಅಗೆದಾಗ ಸಿಂಹಕಟಾಂಜನ ಶಾಸನ ಸಿಕ್ಕಿತು, 370ರ ಸುಮಾರಿನದು ಎಂದು ಪುರಾತತ್ವ ಇಲಾಖೆ ಹೇಳಿತು. ಅದನ್ನು ಕೇಳಿ ನಾವೆಲ್ಲ ಹೆಮ್ಮೆಪಟ್ಟೆವು, ಪಾಠ ತಪ್ಪಾಯಿತೆಂದು ಯಾರೂ ಕೊರಗಲಿಲ್ಲ. ಆದರೆ ನನ್ನ ತಪ್ಪು ಆ ಬಗೆಯದಲ್ಲ. ಸೀಲ್‌ನ ವಿಷಯದಲ್ಲಿ ನನಗೆ ಪುಸ್ತಕ ತಪ್ಪು ಹೇಳಿತ್ತು, ಅದಕ್ಕೆ ನಾನು ಏನೂ ಮಾಡುವಂತಿರಲಿಲ್ಲ. ಬುರುಡೆಯ ವಿಷಯದಲ್ಲಿ ಸಾಕ್ಷಿ ನನ್ನ ಕೈಯಲ್ಲೇ ಇತ್ತು. ಹುಡುಗ ಎಲ್ಲಿ ನೋಡಬೇಕು ಎಂದೂ ತೋರಿಸಿದ್ದ. ನಾನು ನೋಡಲಿಲ್ಲ.

ಆ ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನದಲ್ಲೇ ನಪಾಸಾದ, ಮತ್ತೆ ಕಟ್ಟಲಿಲ್ಲ. ಅದಕ್ಕೆ ಇದೇ ಕಾರಣ ಎಂದು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. 1997ರಲ್ಲಿ ಹಲ್ಲು ಎಣಿಸಿದ ಮೇಲೆ ಶಿರಾಳಕೊಪ್ಪದ ಸಂತೆಯಲ್ಲಿ ಅವನನ್ನು ಹುಡುಕಿದೆ. ಮೆಣಸಿನಕಾಯಿ ಚೀಲ ಇಳಿಸುತ್ತಿದ್ದ. ‘ನೀನು ಹೇಳಿದ್ದೇ ಸರಿ ಕಣಪ್ಪ, ಅದು ಕರಡಿಯದೇ’ ಎಂದೆ. ಅವನಿಗೆ ನೆನಪಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಪ್ಪಂಗೆ ಹೇಳ್ಬೇಕಿತ್ತು ಸಾರ್. ಹೋದ ವರ್ಷ ತೀರ್ಕೊಂಡ್ರು’ ಅಂದ. ಆಮೇಲೆ ನನಗೆ ಚಹಾ ಕುಡಿಸಿ, ದುಡ್ಡು ಕೊಡಲು ಬಿಡಲಿಲ್ಲ.

ಅವನ ಮಗಳು ಇದೇ ಶಾಲೆಯಲ್ಲಿ ಓದಿದಳು. ಈಗ ಅವನು ಈ ಸಭೆಯಲ್ಲಿದ್ದಾನೆ. ಎದ್ದು ನಿಲ್ಲು ಎಂದರೆ ನಿಲ್ಲುವವನಲ್ಲ, ಅದಕ್ಕೇ ಹೆಸರು ಹೇಳುವುದಿಲ್ಲ. ಅವನ ಅಪ್ಪನಿಗೆ ಹೇಳಬೇಕಾದದ್ದನ್ನು ಊರಿನವರ ಎದುರಿಗೆ ಹೇಳಿದ್ದೇನೆ: ಅದು ಕರಡಿಯದು. ಬಾಯೊಳಗೆ ನೋಡಿದವರು ಅವರು, ನಾನಲ್ಲ.

ಬುರುಡೆ ಈಗ ಬೀರುವಿನಲ್ಲಿಲ್ಲ. ಕರಡಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಅದರ ಎಲುಬೂ ಹೀಗೆ ಇಟ್ಟುಕೊಳ್ಳುವಂತಿಲ್ಲ ಎಂದು ತಿಳಿದ ಮೇಲೆ ಮುಖ್ಯೋಪಾಧ್ಯಾಯರ ಪತ್ರದೊಂದಿಗೆ ಅರಣ್ಯ ಇಲಾಖೆಗೆ ಒಪ್ಪಿಸಿದೆವು. ಮಕ್ಕಳಿಗೆ ಇನ್ನೊಮ್ಮೆ ಇಂಥದ್ದು ಸಿಕ್ಕರೆ ಮುಟ್ಟದೆ ಬಂದು ಹೇಳಿ. ಹುತ್ತದಲ್ಲಿ ಮೂತಿ ಇಟ್ಟು ಸದ್ದು ಮಾಡುತ್ತಾ ಉಸಿರೆಳೆಯುವ ಕರಡಿಗೆ ನಮ್ಮ ಹೆಜ್ಜೆ ಕೇಳುವುದಿಲ್ಲ, ತೀರ ಹತ್ತಿರ ಹೋದಾಗ ಬೆಚ್ಚಿ ಮೇಲೆ ಬೀಳುತ್ತದೆ. ಕಾಡಂಚಿಗೆ ಹೋಗುವವರು ಮಾತಾಡುತ್ತಾ, ಕೆಮ್ಮುತ್ತಾ ಹೋಗಿ. ನೀರುನಾಯಿ ನೋಡಬೇಕೆಂದಿದ್ದರೆ ನಮ್ಮ ಕುಮುದ್ವತಿ, ವರದೆ ಹೋಗಿ ಸೇರುವ ತುಂಗಭದ್ರೆಯ ಕೆಳಭಾಗಕ್ಕೆ ಹೋಗಿ. ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿಗಳಿಗೆಂದೇ ಸಂರಕ್ಷಿತ ಪ್ರದೇಶ ಮಾಡಿದೆ.

ಬೀರುವಿನ ಆ ಜಾಗದಲ್ಲಿ ಚೀಟಿಗಳು ಮಾತ್ರ ಉಳಿದಿವೆ. ಹಳೆಯ ಚೀಟಿಯಲ್ಲಿ ‘ನಾಯಿಯ’ ಎಂಬುದನ್ನು ಒಂದು ಗೆರೆ ಎಳೆದು ಹೊಡೆದಿದ್ದೇನೆ, ಅಳಿಸಿಲ್ಲ. ಪಕ್ಕದಲ್ಲಿ ಹೊಸ ಚೀಟಿ: ‘ಕರಡಿಯ ತಲೆಬುರುಡೆ. ಮೇಲಿನ ಬಾಚಿಹಲ್ಲಿನ ಗುಳಿ 4. ಗುರುತಿಸಿದವರು, ತಂದ ವಿದ್ಯಾರ್ಥಿಯ ತಂದೆ, 1986.’ ಪ್ರಯೋಗಾಲಯಕ್ಕೆ ಸುಣ್ಣ ಹೊಡೆಸುವಾಗ ಎರಡನ್ನೂ ಕಿತ್ತು ಹಾಕಬೇಡಿ ಎಂದು ಈಗಿನ ಮುಖ್ಯೋಪಾಧ್ಯಾಯಿನಿಯವರಲ್ಲಿ ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಊಟವಾದ ಮೇಲೆ ಆ ಕೋಣೆಯ ಬಾಗಿಲು ತೆಗೆದಿರುತ್ತದೆ.